ಮೂರನೇ ಹಂತ ಕೆರೆಯಂಗಳದಲ್ಲಿ: ಕೋಲಾರದ ಕೆ.ಸಿ. ವ್ಯಾಲಿ ನೀರು, ಒಂದು ಪ್ರಕರಣ ಅಧ್ಯಯನ

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಜುಲೈನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು. ಪಂಪು ನಿಂತಿತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತಡೆ ಸಡಿಲಾಯಿತು, ವ್ಯಾಜ್ಯ ದೆಹಲಿಯವರೆಗೂ ಹೋಗಿ ಬಂತು. ಕೊನೆಗೆ ನೀರೇ ಗೆದ್ದಿತು. ಒಂದರ ಹಿಂದೊಂದು ಕೆರೆ ತುಂಬಿ ಕೋಡಿ ಬಿತ್ತು.

ಅಂದಿನಿಂದ ಇಂದಿನವರೆಗೆ ಕೋಲಾರದ ಟೀ ಅಂಗಡಿಗಳಲ್ಲಿ ಈ ನೀರಿನ ಬಗ್ಗೆ ಇರುವುದು ಎರಡೇ ಪಕ್ಷ. ಒಂದು ಪಕ್ಷಕ್ಕೆ ಇದು ಬರದ ನೆಲಕ್ಕೆ ಇಳಿದು ಬಂದ ಗಂಗೆ. ಇನ್ನೊಂದಕ್ಕೆ ಬೆಂಗಳೂರಿನವರ ಕಕ್ಕಸಿನ ನೀರು. ಎರಡೂ ಪಕ್ಷದವರು ಮಾತಾಡುವುದು ಪೈಪಿನ ಬಾಯಲ್ಲಿ ಬೀಳುವ ನೀರಿನ ಬಗ್ಗೆಯೇ. ಸೂಕ್ಷ್ಮಜೀವಿಶಾಸ್ತ್ರದ ಪಾಠ ಮಾಡುವ ನನಗೆ ಈ ಪ್ರಕರಣದ ತಿರುಳು ಬೇರೆ ಕಡೆ ಇದೆ ಅನ್ನಿಸುತ್ತದೆ. ಎರಡು ಹಂತದ ಶುದ್ಧೀಕರಣ ಬೆಂಗಳೂರಿನಲ್ಲಿ ಮುಗಿಯುತ್ತದೆ. ಮೂರನೆಯದು ನಮ್ಮ ಕೆರೆಯಂಗಳದ ಮಣ್ಣಿನಲ್ಲಿ ನಡೆಯುತ್ತಿದೆ. ಅಲ್ಲಿ ಕೆಲಸ ಮಾಡುವ ಜೀವಿಗಳಿಗೆ ಯಾರೂ ಸಂಬಳ ಕೊಡುತ್ತಿಲ್ಲ, ಅವು ಕೆಲಸ ಮಾಡುತ್ತಿವೆಯೇ ಎಂದು ನೋಡುವ ಮೇಸ್ತ್ರಿಯೂ ಇಲ್ಲ.

ನೀರು ಬರುವ ಮೊದಲು

ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇಲ್ಲೇ ಹುಟ್ಟಿದರೂ ಹೆಸರಿಗೆ ಮಾತ್ರ ನದಿ. ಅದರ ನೀರನ್ನು ಕಟ್ಟಿ ನಿಲ್ಲಿಸುವುದಕ್ಕೆ 1892ರ ಮದ್ರಾಸ್–ಮೈಸೂರು ಒಪ್ಪಂದದ ತೊಡಕು ಬೇರೆ. ಹಿಂದಿನವರು ಮಳೆಯನ್ನೇ ನಂಬಿ ಸಾವಿರಾರು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವ ಹಾಗೆ ಅವುಗಳ ಸಾಲು ಜೋಡಿಸಿದರು. ತೂಬು ಎತ್ತುವುದು, ಅಚ್ಚುಕಟ್ಟಿಗೆ ನೀರು ಹಂಚುವುದು ನೀರಗಂಟಿಯ ಕೆಲಸ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅಂಗಳದ ಗೋಡನ್ನು, ಅಂದರೆ ಹೂಳನ್ನು, ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ಊರಿನ ಕೆಲಸ. ಈ ಗೋಡಿನ ವಿಷಯ ಕೊನೆಯಲ್ಲಿ ಬೇಕಾಗುತ್ತದೆ.

ಬೋರ್‌ವೆಲ್ ಬಂದ ಮೇಲೆ ಈ ಲೆಕ್ಕಾಚಾರ ಮುರಿದುಬಿತ್ತು. ಆಳ ನೂರಾರು ಅಡಿಯಿಂದ ಸಾವಿರ ಅಡಿ ದಾಟಿತು. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕೂತಿರುತ್ತದೆ. ನಮ್ಮ ಗ್ರಾನೈಟ್, ನೈಸ್ ಶಿಲೆಗಳಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಾಲೆಯ ಮಕ್ಕಳ ಹಲ್ಲಿನ ಕಂದು ಪಟ್ಟೆ ನೋಡಿದರೆ ಗೊತ್ತಾಗುತ್ತದೆ. ಸಾವಿರದ ಇನ್ನೂರು ಅಡಿ ಕೊರೆಸಿ ಬರೀ ಧೂಳು ಕಂಡವನಿಗೆ ನೊರೆ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಹೇಳುವಾಗ ಈ ಹಿನ್ನೆಲೆ ಮರೆಯಬಾರದು.

ಯೋಜನೆ ಸರಳ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ, 126 ಕೆರೆಗಳನ್ನು ತುಂಬಿಸುವುದು. ಖರ್ಚು 1,300 ಕೋಟಿ ರೂಪಾಯಿಗೂ ಮೇಲೆ. ಹೆಬ್ಬಾಳ–ನಾಗವಾರ ಕಣಿವೆಯ 21 ಕೋಟಿ ಲೀಟರ್ ಚಿಕ್ಕಬಳ್ಳಾಪುರದ ಕಡೆಗೆ ಎಂದು ಇನ್ನೊಂದು ಯೋಜನೆ. ಬೆಂಗಳೂರು ಬಳಸಿ ಬಿಟ್ಟ ಈ ನೀರಿನಲ್ಲಿ ಬಹುಪಾಲು ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದ ಕಾವೇರಿಯದು. ಸ್ವಾಭಾವಿಕವಾಗಿ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗಬೇಕಾಗಿದ್ದದ್ದು ಈಗ ಪಾಲಾರ್ ಕಣಿವೆಗೆ ಏರಿ ಬರುತ್ತದೆ. ಷರತ್ತು ಒಂದೇ. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ; ಕೆರೆಗೆ ನೇರವಾಗಿ ಮೋಟಾರು ಇಟ್ಟು ಎತ್ತುವ ಹಾಗಿಲ್ಲ, ಕುಡಿಯುವ ಹಾಗಂತೂ ಇಲ್ಲ.

ಬೆಂಗಳೂರಿನ ತೊಟ್ಟಿಯಲ್ಲಿ ಏನಾಗುತ್ತದೆ

ಕೊಳಚೆ ಶುದ್ಧೀಕರಣವನ್ನು ಯಂತ್ರದ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಪ್ರಪಂಚದಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ನಡೆಯುವ ಜೈವಿಕ ತಂತ್ರಜ್ಞಾನ ಇದೇ. ಲಸಿಕೆ, ಇನ್ಸುಲಿನ್ ತಯಾರಿಸುವ ಟ್ಯಾಂಕುಗಳೆಲ್ಲ ಇದರ ಮುಂದೆ ಲೋಟ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಕೊಳಚೆಗೆ ಗಾಳಿ ಊದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಹೊಸ ಕೊಳಚೆಗೆ ಮತ್ತೆ ಸೇರಿಸಿ ನೋಡಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಳೆ ಕೆಸರಿನಲ್ಲಿ ಹಸಿದು ಕೂತಿದ್ದ ಬ್ಯಾಕ್ಟೀರಿಯಾ ಹೊಸ ಕೊಳಚೆಯ ಮೇಲೆ ಬಿದ್ದು, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಗಂಟೆಗಳಲ್ಲಿ ಮುಗಿಸಿದವು. ಇಂದಿಗೂ ನಡೆಯುವುದು ಇದೇ. ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು, ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿ ಹೊರಗೆ ಹೋಗುತ್ತದೆ. ಇದೇ ಎರಡನೇ ಹಂತ; ಇದಕ್ಕೂ ಮೊದಲು ಕಸಕಡ್ಡಿ ಸೋಸಿ, ಭಾರದ ಕಲ್ಮಶವನ್ನು ತಳಕ್ಕೆ ಇಳಿಸುವುದು ಮೊದಲನೆಯದು.

ಘಟಕದ ಕೆಲಸ ಅಳೆಯುವ ಮುಖ್ಯ ಅಂಕಿ ಬಿಒಡಿ. ನೀರಿನಲ್ಲಿ ಬ್ಯಾಕ್ಟೀರಿಯಾಕ್ಕೆ ತಿನ್ನಲು ಇನ್ನೂ ಎಷ್ಟು ಉಳಿದಿದೆ ಎಂಬುದನ್ನು, ಅವು ಬಳಸುವ ಆಮ್ಲಜನಕದ ಮೂಲಕ ಹೇಳುವ ಅಳತೆ ಅದು. ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುವುದು ನಮ್ಮ ದೇಶದ ಪದ್ಧತಿ. ಮಹಾನಗರಗಳ ಘಟಕದಿಂದ ಬಿಡುವ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಎಂದು 2017ರ ಕೇಂದ್ರ ಅಧಿಸೂಚನೆ ಹೇಳಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿ ಮಾಡಿತು. ಪತ್ರಿಕೆಗಳಲ್ಲಿ, ಕೋರ್ಟಿನಲ್ಲಿ ಜಗಳವೆಲ್ಲ ಈ ಥರದ ಅಂಕಿಗಳ ಸುತ್ತ ನಡೆಯುತ್ತದೆ.

ನೊರೆಯ ಬಗ್ಗೆ ಒಂದು ಮಾತು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು, ಆರಿಸಲು ಸೇನೆಯವರೇ ಇಳಿದದ್ದು 2018ರ ಜನವರಿಯಲ್ಲಿ. ಅದಾದ ಆರೇ ತಿಂಗಳಲ್ಲಿ ಆ ಕಣಿವೆಯ ಹೆಸರಿನ ನೀರು ನಮ್ಮೂರಿನಲ್ಲಿ ನೊರೆ ಕಾರಿದರೆ ಜನ ಹೆದರದೆ ಇರುತ್ತಾರೆಯೇ? ಬಟ್ಟೆ ಸೋಪಿನ ಪುಡಿಯಲ್ಲಿರುವ ನೊರೆಕಾರಕಗಳನ್ನು ಗಾಳಿ ಇರುವ ಕಡೆ ಬ್ಯಾಕ್ಟೀರಿಯಾ ಚೆನ್ನಾಗಿ ತಿನ್ನುತ್ತವೆ. ಗಾಳಿ ಇಲ್ಲದ ಕೆಸರಿನಲ್ಲಿ ತಿನ್ನುವುದಿಲ್ಲ. ಹಾಗಾಗಿ ನೊರೆ ಕಂಡರೆ ಎಲ್ಲೋ ಗಾಳಿ ಸಾಲಲಿಲ್ಲ, ಇಲ್ಲವೇ ಶುದ್ಧವಾಗದ ನೀರು ಬೆರೆಯಿತು ಎಂದು ಊಹಿಸಬಹುದು. ಆದರೆ ನೊರೆ ನಿಂತಿತು ಎಂದ ಮಾತ್ರಕ್ಕೆ ನೀರು ಸರಿಯಾಯಿತು ಎಂದೂ ಅಲ್ಲ. ನೊರೆ ಕಣ್ಣಿಗೆ ಕಾಣುತ್ತದೆ. ಉಳಿದವು ಕಾಣುವುದಿಲ್ಲ.

ಉಳಿದದ್ದು ಯಾವುದು

ಎರಡನೇ ಹಂತ ಸರಿಯಾಗಿ ನಡೆದಾಗಲೂ ನೀರಿನಲ್ಲಿ ಸಾರಜನಕ, ರಂಜಕ ಉಳಿಯುತ್ತವೆ. ಕರುಳಿನ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ. ವೈರಸ್‌ಗಳೂ ಹಾಗೆಯೇ. ನಾವು ನುಂಗಿದ ಮಾತ್ರೆಗಳ ಅಂಶ ಉಳಿಯುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್ ಥರದವನ್ನು ಸೂಕ್ಷ್ಮಜೀವಿಗಳೂ ಸುಲಭವಾಗಿ ಮುಟ್ಟುವುದಿಲ್ಲ. ಕೊನೆಯದಾಗಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಜೀನ್‌ಗಳು.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಆಸ್ಪತ್ರೆ, ಮನೆ, ಕೋಳಿ ಫಾರಂ ಎಲ್ಲ ಕಡೆಯ ಬ್ಯಾಕ್ಟೀರಿಯಾ ಬಂದು ಕೂಡುವ ಸಂತೆ ಎಂದರೆ ಗಾಳಿ ಊದುವ ಆ ತೊಟ್ಟಿ. ಅಲ್ಲಿ ಆಹಾರ ಇದೆ, ಬೆಚ್ಚಗಿದೆ, ಒಂದಕ್ಕೊಂದು ಅಂಟಿಕೊಂಡೇ ಬದುಕುತ್ತವೆ. ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳನ್ನು ಪರಸ್ಪರ ದಾಟಿಸಿಕೊಳ್ಳಲು ಇದಕ್ಕಿಂತ ಅನುಕೂಲದ ಜಾಗ ಬೇಕೇ? 2011ರಲ್ಲಿ ದೆಹಲಿಯ ಚರಂಡಿ ನೀರಿನಲ್ಲಷ್ಟೇ ಅಲ್ಲ, ಕೆಲವು ನಲ್ಲಿ ನೀರಿನ ಮಾದರಿಗಳಲ್ಲೂ ಎನ್‌ಡಿಎಂ–1 ಜೀನ್ ಸಿಕ್ಕಿತ್ತು. ಬೇರೆ ಮದ್ದು ನಾಟದಿದ್ದಾಗ ವೈದ್ಯರು ಕೈಗೆತ್ತಿಕೊಳ್ಳುವ ಕಾರ್ಬಪೆನೆಮ್ ಔಷಧಗಳನ್ನೂ ಮುರಿದು ಹಾಕುವ ಕಿಣ್ವ ಅದರ ಉತ್ಪನ್ನ. ಕ್ಲೋರಿನ್ ಹಾಕಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅದರ ಡಿಎನ್‌ಎ ತಕ್ಷಣ ಮಾಯವಾಗುವುದಿಲ್ಲ. ಬಿಒಡಿ 10 ಇರಲಿ 20 ಇರಲಿ, ಆ ಅಂಕಿ ಇದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹಾಗೆಂದು ಕೊಳಚೆ ಬರೀ ಶತ್ರುವಲ್ಲ. ಊರಿನ ಆರೋಗ್ಯದ ಕನ್ನಡಿಯೂ ಹೌದು. ಪೋಲಿಯೊ ವೈರಸ್ ಇನ್ನೂ ಇದೆಯೇ ಎಂದು ಮುಂಬೈನ ಕೊಳಚೆಯನ್ನು 2001ರಿಂದಲೇ ಪರೀಕ್ಷಿಸುತ್ತಿದ್ದರು. ಕೊರೊನಾ ಕಾಲದಲ್ಲಿ ಬೆಂಗಳೂರಿನ ಶುದ್ಧೀಕರಣ ಘಟಕಗಳ ಕೊಳಚೆಯಲ್ಲೂ ವೈರಸ್‌ನ ಆರ್‌ಎನ್‌ಎ ಹುಡುಕಿದರು. ಪರೀಕ್ಷೆಗೆ ಬಾರದ ಮನೆಯವನ ಸುದ್ದಿಯೂ ಅಲ್ಲಿ ಸಿಗುತ್ತದೆ. ಬೆಂಗಳೂರಿನ ಕೊಳಚೆಯನ್ನು ಬೆಂಗಳೂರಿನವರಿಗಾಗಿ ಇಷ್ಟು ಸೂಕ್ಷ್ಮವಾಗಿ ಓದಲು ಬರುತ್ತದೆ ಎಂದಾದರೆ, ಅದೇ ನೀರು ಇಳಿಯುವ ಊರಿನ ಬಾವಿಗೂ ಅದೇ ವಿದ್ಯೆ ಯಾಕೆ ಬರಬಾರದು?

ಮಣ್ಣು ಮಾಡುವ ಕೆಲಸ

ಎರಡನೇ ಹಂತದ ನೀರನ್ನು ನೆಲಕ್ಕೆ ಇಂಗಿಸಿ ಮಣ್ಣಿನಿಂದಲೇ ಶುದ್ಧ ಮಾಡಿಸುವುದು ಹೊಸದೇನಲ್ಲ, ಮೋಸವೂ ಅಲ್ಲ. ಇಸ್ರೇಲಿನ ಟೆಲ್ ಅವಿವ್ ಸುತ್ತಿನ ಕೊಳಚೆಯನ್ನು ಶಾಫ್‌ದಾನ್ ಘಟಕದಲ್ಲಿ ಎರಡನೇ ಹಂತದವರೆಗೆ ತಂದು, 1977ರಿಂದ ಮರಳಿನ ಹೊಂಡಗಳಲ್ಲಿ ಇಂಗಿಸುತ್ತಿದ್ದಾರೆ. ಲಾಸ್ ಏಂಜಲೀಸ್ ಬಳಿಯ ಮಾಂಟೆಬೆಲ್ಲೋದಲ್ಲಿ 1962ರಿಂದ ಬಳಸಿದ ನೀರು ಕುಡಿಯುವ ಅಂತರ್ಜಲಕ್ಕೇ ಇಳಿಯುತ್ತಿದೆ. ನಮ್ಮ ಕೆ.ಸಿ. ವ್ಯಾಲಿಯನ್ನು ಬೆಂಬಲಿಸುವವರು ಇಸ್ರೇಲಿನ ಹೆಸರು ಹೇಳುವುದು ಇದಕ್ಕೇ. ಹೇಳಲಿ. ಆದರೆ ಅಲ್ಲಿ ಇರುವ ಮೂರು ಸಂಗತಿ ಇಲ್ಲಿಲ್ಲ ಎಂಬುದನ್ನೂ ಹೇಳಬೇಕು.

ಮೊದಲನೆಯದು ಮರಳು. ಮರಳಿನ ಕಣಗಳ ಸುತ್ತ ಬ್ಯಾಕ್ಟೀರಿಯಾದ ಲೋಳೆಪದರ ಬೆಳೆಯುತ್ತದೆ, ನೀರು ನಿಧಾನವಾಗಿ ಅದನ್ನು ಸವರಿಕೊಂಡು ಇಳಿಯುತ್ತದೆ. ಕೊಳೆಯ ಬಹುಪಾಲು ಮೇಲಿನ ಒಂದೆರಡು ಮೀಟರಿನಲ್ಲೇ ಮುಗಿದುಹೋಗುತ್ತದೆ. ಕೋಲಾರದಲ್ಲಿ ಮೇಲೆ ಕೆರೆಯ ಜೇಡಿ ಗೋಡು, ಅದರ ಕೆಳಗೆ ಕೊಳೆತ ಕಲ್ಲಿನ ಪದರ, ಅದಕ್ಕೂ ಕೆಳಗೆ ಬಿರುಕು ಬಿಟ್ಟ ಗಟ್ಟಿ ಬಂಡೆ. ಗೋಡು ಮತ್ತು ಕೊಳೆತ ಕಲ್ಲು ಒಳ್ಳೆಯ ಜರಡಿ, ನಮ್ಮ ಕೆಂಪುಮಣ್ಣಿನ ಕಬ್ಬಿಣ ರಂಜಕವನ್ನೂ ಹಿಡಿದುಕೊಳ್ಳುತ್ತದೆ. ಬಂಡೆಯ ಬಿರುಕು ಜರಡಿಯೇ ಅಲ್ಲ. ಅಲ್ಲಿಗೆ ನೀರು ಇಳಿದರೆ ಎಲ್ಲಿಂದ ಎಲ್ಲಿಗೆ ಎಷ್ಟು ಬೇಗ ಹೋಗುತ್ತದೆ ಎಂಬುದು ಬಿರುಕಿನ ಇಷ್ಟ. ಈ. ಕೋಲಿ ಬ್ಯಾಕ್ಟೀರಿಯಾದ ಉದ್ದ ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟು; ಕರುಳಿನ ವೈರಸ್‌ಗಳು ಅದಕ್ಕಿಂತ ಹತ್ತಾರು ಪಟ್ಟು ಸಣ್ಣವು. ಬಂಡೆಯ ಬಿರುಕು ಅವಕ್ಕೆ ರಾಜಮಾರ್ಗ. ಕೆರೆಯಂಗಳದಲ್ಲೇ ಕೊರೆದು ಕೈಬಿಟ್ಟ ಬೋರ್‌ವೆಲ್ ಮುಚ್ಚದೆ ಉಳಿದಿದ್ದರಂತೂ ಕೇಳುವುದೇ ಬೇಡ, ಜರಡಿಯನ್ನು ಮುಟ್ಟದೆ ನೇರ ಕೆಳಗೆ ಹೋಗುವ ಕೊಳವೆ ಅದು.

ಎರಡನೆಯದು ಗಡಿ. ಶಾಫ್‌ದಾನ್‌ನ ಇಂಗುಹೊಂಡಗಳ ಸುತ್ತ ಬಾವಿಗಳ ಉಂಗುರವೇ ಇದೆ. ಇಂಗಿದ ನೀರು ಉಳಿದ ಅಂತರ್ಜಲಕ್ಕೆ ಹರಡದ ಹಾಗೆ ಅವು ಅದನ್ನು ಎತ್ತಿ ಕೃಷಿಗೆ ಕಳಿಸುತ್ತವೆ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಇಂಗಿದ ನೀರು ಕುಡಿಯುವ ಬಾವಿ ತಲುಪುವ ಮೊದಲು ನೆಲದಡಿ ಕನಿಷ್ಠ ಎರಡು ತಿಂಗಳು ಇರಬೇಕು. ಕೋಲಾರದಲ್ಲಿ ಏರಿಯ ಕೆಳಗಿನ ಪ್ರತಿ ರೈತನ ಬೋರೂ ಆ ಉಂಗುರದ ಒಂದು ಬಾವಿ, ಅವನಿಗೇ ಗೊತ್ತಿಲ್ಲದ ಹಾಗೆ. ಕುಡಿಯುವುದಕ್ಕೆ ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಕಾಸು ಹಾಕಿದರೆ ಕ್ಯಾನ್ ತುಂಬುತ್ತದೆ ನಿಜ. ಹೊಲದಲ್ಲಿ ಟೊಮೆಟೊ ಕೀಳುವ ಕೂಲಿಯವರು ಕ್ಯಾನ್ ಹೊತ್ತು ಹೋಗುತ್ತಾರೆಯೇ? ಮೋಟಾರಿನ ಪೈಪಿಗೇ ಬೊಗಸೆ ಒಡ್ಡುತ್ತಾರೆ. ಹಸು ಕೆರೆಗೇ ಬಾಯಿ ಹಾಕುತ್ತದೆ. ಹಾಲು ಡೈರಿಗೆ ಹೋಗುವ ಜಿಲ್ಲೆ ಇದು.

ಮೂರನೆಯದನ್ನು ಯಾರೂ ಹೇಳುವುದಿಲ್ಲ: ಒಣಗುವ ಸರದಿ. ಶಾಫ್‌ದಾನ್‌ನಲ್ಲಿ ಒಂದು ಹೊಂಡಕ್ಕೆ ನೀರು ತುಂಬಿಸಿ, ಇಂಗಿದ ಮೇಲೆ ಒಣಗಲು ಬಿಡುತ್ತಾರೆ. ಒಣಗಿದಾಗ ಮಣ್ಣಿನೊಳಗೆ ಗಾಳಿ ಹೋಗುತ್ತದೆ, ಲೋಳೆಪದರ ಬಿರಿದು ರಂಧ್ರಗಳು ಮತ್ತೆ ತೆರೆಯುತ್ತವೆ, ಗಾಳಿ ಬೇಕಾದ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಮತ್ತೆ ನೀರು ನಿಂತಾಗ ಗಾಳಿ ತಪ್ಪಿ, ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ. ಎರಡು ಪಾಳಿಯ ಕೆಲಸ ಅದು. ಒಂದು ಪಾಳಿಗೆ ಒಣ ನೆಲ, ಇನ್ನೊಂದಕ್ಕೆ ಒದ್ದೆ ನೆಲ. ನಮ್ಮ ಹಳೆಯ ಕೆರೆಗಳಿಗೆ ಈ ಎರಡೂ ಪಾಳಿ ತಾನಾಗಿ ಇತ್ತು, ಬೇಸಿಗೆ ಬರುತ್ತಿತ್ತಲ್ಲ. ಕೆ.ಸಿ. ವ್ಯಾಲಿ ಕೆರೆಗಳು ವರ್ಷವಿಡೀ ತುಂಬಿರುತ್ತವೆ, ತುಂಬಿರುವುದೇ ಹೆಮ್ಮೆ. ಒಣ ಪಾಳಿ ತಪ್ಪಿಹೋಗಿದೆ. ತಳದ ಕೆಸರಿನಲ್ಲಿ ಗಾಳಿ ಇಲ್ಲದೆ ಹೋದಾಗ ಕಬ್ಬಿಣ ತಾನು ಹಿಡಿದಿದ್ದ ರಂಜಕವನ್ನು ಬಿಟ್ಟುಬಿಡುತ್ತದೆ. ಆ ರಂಜಕ ಪಾಚಿಗೆ ಊಟ. ಹಸಿರು ಗಂಜಿಯ ಹಾಗೆ ಮೇಲೆ ಹಬ್ಬುವ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ ಯಕೃತ್ತಿಗೆ ವಿಷವಾಗುವ ವಸ್ತು ಬಿಡಬಲ್ಲದು, ದನ ಕುಡಿಯುವ ನೀರಿನಲ್ಲಿ ಅದನ್ನು ಹಗುರವಾಗಿ ಕಾಣುವಂತಿಲ್ಲ. ಜೊತೆಗೆ ಕತ್ತೆಕಿವಿ, ನೇರಳೆ ಹೂವಿನ ಜಲಕಳೆ. ಜಲಕಳೆಗೆ 1980ರ ದಶಕದಲ್ಲೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನಷ್ಟೇ ತಿನ್ನುವ ನಿಯೋಚಿಟಿನಾ ಮೂತಿಹುಳುಗಳನ್ನು ಬಿಟ್ಟು ಯಶಸ್ಸು ಕಂಡಿದ್ದರು. ಆದರೆ ರಂಜಕ ಹೀಗೆ ಉಣಿಸುತ್ತಾ ಇದ್ದರೆ ಹುಳು ಎಷ್ಟು ತಿಂದೀತು?

ನೈಟ್ರೇಟಿನ ತಲೆಕೆಳಗಾದ ಲೆಕ್ಕ

ನೈಟ್ರೇಟನ್ನು ಅನಿಲವಾಗಿಸುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಡ, ಆದರೆ ತಿನ್ನಲು ಇಂಗಾಲ ಬೇಕು. ಬೆಂಗಳೂರಿನ ಘಟಕ ಬಿಒಡಿ ಚೆನ್ನಾಗಿ ಇಳಿಸಿದರೆ ನೀರಿನಲ್ಲಿ ಆ ಇಂಗಾಲವೇ ಕಡಿಮೆ. ಸಾರಜನಕ ತೆಗೆಯುವ ವ್ಯವಸ್ಥೆ ಇಲ್ಲದೆ ಬಿಒಡಿ ಮಾತ್ರ ಇಳಿಸಿದ ನೀರು ಬಂಡೆಯ ಆಳಕ್ಕೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾ ಉಪವಾಸ, ನೈಟ್ರೇಟ್ ಹಾಗೇ ಕೂತಿರುತ್ತದೆ. ಅಂಕಿಪಟ್ಟಿಯಲ್ಲಿ ನೀರು ಸುಧಾರಿಸಿದೆ, ಬಾವಿಯಲ್ಲಿ ಒಂದು ತೊಂದರೆ ಬೆಳೆಯುತ್ತಿರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದ ನೀರಿನಲ್ಲಿ ಬಾಟಲಿ ಹಾಲು ಕಲಸಿ ಕುಡಿಸಿದ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಒಂದು ನ್ಯಾಯದ ಮಾತನ್ನೂ ಸೇರಿಸಬೇಕು. ಯೂರಿಯಾ ಮತ್ತು ಕೋಳಿಗೊಬ್ಬರ ಸುರಿದ ನಮ್ಮ ತೋಟಗಳ ಬಾವಿಗಳಲ್ಲಿ ನೈಟ್ರೇಟ್ ಈ ನೀರು ಬರುವ ಮೊದಲೂ ಇತ್ತು. ಎಲ್ಲವನ್ನೂ ಬೆಂಗಳೂರಿನ ತಲೆಗೆ ಕಟ್ಟಲಾಗದು. ಯಾವುದು ಎಲ್ಲಿಂದ ಬಂತು ಎಂದು ಸಾರಜನಕ ಮತ್ತು ಆಮ್ಲಜನಕದ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತ ನೋಡಿ ಬಹುಮಟ್ಟಿಗೆ ಬೇರ್ಪಡಿಸಬಹುದು.

ಲಾಭದ ಕಡೆಯ ಸಾಲನ್ನು ಬರೆಯದೆ ಈ ಲೆಕ್ಕ ಮುಗಿಯುವುದಿಲ್ಲ. ಅಂತರ್ಜಲ ಮೇಲೆ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೂ ಅದನ್ನು ದಾಖಲಿಸಿವೆ, ಬತ್ತಿದ ಬೋರಿಗೆ ಮತ್ತೆ ಮೋಟಾರು ಇಳಿಸಿದ ರೈತನಿಗೆ ಅಧ್ಯಯನವೂ ಬೇಕಿಲ್ಲ. ಆಳದ ಹಳೆಯ ನೀರಿಗೆ ಮೇಲಿನ ಹೊಸ ನೀರು ಬೆರೆತರೆ ಫ್ಲೋರೈಡ್ ತೆಳುವಾಗುವ ಸಾಧ್ಯತೆ ಇದೆ. ಆದರೆ ಸೋಡಿಯಂ, ಬೈಕಾರ್ಬನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವ ನೀರು ಕಲ್ಲಿನಿಂದ ಫ್ಲೋರೈಡನ್ನು ಇನ್ನಷ್ಟು ಎಳೆಯಬಲ್ಲದು. ಯಾವ ಊರಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಆ ಊರಿನ ಬಾವಿಯನ್ನು ಅಳೆದೇ ಗೊತ್ತಾಗಬೇಕು.

ಟೊಮೆಟೊ ಮೇಲಿನ ಆರೋಪ

ಕೋಲಾರದ ಎಪಿಎಂಸಿ ಅಂದರೆ ಟೊಮೆಟೊ. ಬೆಳೆಗೆ ಎಲೆಮುಟುರು ರೋಗ ಬಂದಾಗಲೆಲ್ಲ ಕೆ.ಸಿ. ವ್ಯಾಲಿ ನೀರಿನ ಹೆಸರು ಬರುತ್ತದೆ. ಎಲೆಮುಟುರು ತರುವ ವೈರಸ್ ನೀರಿನಲ್ಲಿ ಬರುವುದಿಲ್ಲ, ಬಿಳಿನೊಣದ ಮೂಲಕ ಗಿಡದಿಂದ ಗಿಡಕ್ಕೆ ಹಾರುತ್ತದೆ. ಆರೋಪ ಸುಳ್ಳು ಎಂದು ಇಲ್ಲಿಗೇ ಫೈಲು ಮುಚ್ಚುವ ವಿಜ್ಞಾನಿಗಳಿದ್ದಾರೆ. ನನಗೆ ಅದು ಅವಸರ ಅನ್ನಿಸುತ್ತದೆ. ನೀರು ಬಂದ ಮೇಲೆ ಟೊಮೆಟೊ ವರ್ಷದ ಎಲ್ಲ ಕಾಲದಲ್ಲೂ ಪಕ್ಕಪಕ್ಕದ ಹೊಲದಲ್ಲಿ ನಿಂತಿರುತ್ತದೆ. ಹಿಂದೆ ಬೇಸಿಗೆಯಲ್ಲಿ ಹೊಲ ಖಾಲಿ ಬಿದ್ದು ಬಿಳಿನೊಣಕ್ಕೂ ವೈರಸ್‌ಗೂ ಆಸರೆ ತಪ್ಪುತ್ತಿತ್ತು, ಈಗ ಆ ಬಿಡುವು ಇಲ್ಲ. ನೀರು ರೋಗ ತರಲಿಲ್ಲ, ರೋಗಕ್ಕೆ ರಜೆ ಇಲ್ಲದ ಹಾಗೆ ಮಾಡಿತು. ರೈತರು ಕಂಡದ್ದು ನಿಜ, ಕಾರಣದ ದಾರಿ ಮಾತ್ರ ಬೇರೆ. ಸೊರಗು ರೋಗದ ಕಥೆ ಇನ್ನೊಂದು. ಅದನ್ನು ತರುವ ರಾಲ್ಸ್ಟೋನಿಯ ಬ್ಯಾಕ್ಟೀರಿಯಾ ಮಣ್ಣು ಮತ್ತು ಹರಿಯುವ ನೀರಿನ ಜೊತೆಗೇ ಹರಡುತ್ತದೆ. ಒಬ್ಬನ ಹೊಲದ ನೀರು ಬಸಿದು ಇನ್ನೊಬ್ಬನ ಹೊಲಕ್ಕೆ ಹೋಗುವ ಕಡೆ ಅನುಮಾನ ಪಡಲೇಬೇಕು. ಎಲೆಮುಟುರು, ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಅರ್ಕಾ ರಕ್ಷಕ್ ತಳಿಯನ್ನು ಹೆಸರಘಟ್ಟದವರೇ ಬಿಡುಗಡೆ ಮಾಡಿದ್ದಾರೆ. ಹೊಲಕ್ಕೆ ಬಿಡುವು ಕೊಡದೆ ತಳಿಯೊಂದನ್ನೇ ನಂಬಿದರೆ ವೈರಸ್ ಅದಕ್ಕೂ ದಾರಿ ಹುಡುಕುತ್ತದೆ.

ಏನನ್ನು, ಎಲ್ಲಿ, ಯಾರು ಪರೀಕ್ಷಿಸಬೇಕು

ಈವರೆಗಿನ ಜಗಳದಲ್ಲಿ ಪರೀಕ್ಷೆಯ ಬಾಟಲಿ ಮತ್ತೆ ಮತ್ತೆ ತುಂಬಿದ್ದು ಪೈಪಿನ ಬಾಯಲ್ಲಿ ಮತ್ತು ಕೆರೆಯ ಅಂಚಿನಲ್ಲಿ. ಮೂರನೇ ಹಂತ ಮಣ್ಣಿನಲ್ಲಿ ನಡೆಯುತ್ತಿದೆ ಎಂದು ಒಪ್ಪಿದರೆ, ಆ ಹಂತ ಮುಗಿದ ಜಾಗದಲ್ಲಿ, ಅಂದರೆ ಬಾವಿಯಲ್ಲಿ ಬಾಟಲಿ ತುಂಬಬೇಕು. ಒಂದು ಕೆರೆ ಆರಿಸಿಕೊಂಡು ಏರಿಯ ಕೆಳಗೆ ಹತ್ತಿರದ್ದೊಂದು, ನಡುವಿನದ್ದೊಂದು, ಅಚ್ಚುಕಟ್ಟಿನ ಕೊನೆಯದ್ದೊಂದು ಬೋರು. ಹೋಲಿಕೆಗೆ ಈ ನೀರು ಮುಟ್ಟದ ಬೇರೆ ಕಣಿವೆಯ ಬೋರು ಒಂದು. ಮಳೆಗಾಲಕ್ಕೆ ಮೊದಲು, ನಂತರ, ಬೇಸಿಗೆಯಲ್ಲಿ.

ಮೊದಲ ಸುತ್ತಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯವರು 1982ರಲ್ಲಿ ಪ್ರಕಟಿಸಿದ ಎಚ್‌2ಎಸ್ ಬಾಟಲಿ ಪರೀಕ್ಷೆ ಇಂದಿಗೂ ಹಳ್ಳಿಗೆ ಹೇಳಿ ಮಾಡಿಸಿದ್ದು. ಮದ್ದು ಹಚ್ಚಿದ ಕಾಗದವಿರುವ ಬಾಟಲಿಗೆ ನೀರು ಹಾಕಿ ಬೆಚ್ಚಗೆ ಇಟ್ಟರೆ, ಮಲದ ಸೋಂಕು ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಜಿಲ್ಲೆಯ ಯಾವ ಪದವಿ ಕಾಲೇಜಿನ ಮಕ್ಕಳೂ ಮಾಡಬಹುದು. ಕಪ್ಪಾದ ಬಾವಿಗಳಿಗೆ ಮುಂದಿನ ಪರೀಕ್ಷೆ ಈ. ಕೋಲಿ ಎಣಿಕೆ. ನೈಟ್ರೇಟ್, ಫ್ಲೋರೈಡ್, ಸೀಸ, ಕ್ಯಾಡ್ಮಿಯಂ ಬಗ್ಗೆ ಬಾಟಲಿ ಏನೂ ಹೇಳುವುದಿಲ್ಲ, ಅವನ್ನು ಕಪ್ಪಾಗದ ಬಾವಿಗಳಲ್ಲೂ ನೋಡಬೇಕು. ಆದರೆ ಕಪ್ಪಾದದ್ದು ಬೆಂಗಳೂರಿನ ಮಲವೋ, ಪಕ್ಕದ ಕೊಟ್ಟಿಗೆಯ ಸಗಣಿಯೋ, ಮನೆಯ ಹಿಂದಿನ ಕಕ್ಕಸಿನ ಪಿಟ್ಟಿನದೋ ಎಂದು ಬಾಟಲಿ ಹೇಳುವುದಿಲ್ಲ. ಅಲ್ಲಿಂದ ಮುಂದೆ ಜೈವಿಕ ತಂತ್ರಜ್ಞಾನ ಬೇಕು. ಕ್ರಾಸ್‌ಫೇಜ್ ಎಂಬ ವೈರಸ್ 2014ರಲ್ಲಿ ಪತ್ತೆಯಾಯಿತು. ಅದು ಮನುಷ್ಯನ ಕರುಳಿನ ಬ್ಯಾಕ್ಟೀರಿಯಾವನ್ನು ಆಶ್ರಯಿಸುವುದರಿಂದ ಅದರ ಡಿಎನ್‌ಎ ಸಿಕ್ಕರೆ ಮಲ ಬಹುಮಟ್ಟಿಗೆ ಮನುಷ್ಯರದ್ದು. ಪಿಸಿಆರ್ ಯಂತ್ರದಲ್ಲಿ ಇದನ್ನೂ, ಎನ್‌ಡಿಎಂ–1 ಥರದ ಪ್ರತಿರೋಧ ಜೀನ್‌ಗಳನ್ನೂ ಒಟ್ಟಿಗೆ ಅಳೆಯಬಹುದು. ಕಾರ್ಬಮಜೆಪೈನ್ ಕೂಡ ಇದ್ದರೆ ಮೂಲದ ಬಗ್ಗೆ ಅನುಮಾನ ಉಳಿಯುವುದು ಕಷ್ಟ, ಹಳ್ಳಿಯ ಒಂದು ಪಿಟ್ಟಿನಿಂದ ಬಾವಿಗಳ ಸಾಲಿನುದ್ದಕ್ಕೂ ಅದು ಬರುವುದಿಲ್ಲ. ಕೊರೊನಾ ಕಾಲದಲ್ಲಿ ಜಿಲ್ಲೆ ಜಿಲ್ಲೆಗೂ ಪಿಸಿಆರ್ ಯಂತ್ರ ಬಂದಿತ್ತು. ಅವುಗಳಿಗೆ ಈ ಕೆಲಸ ಹಚ್ಚಬಹುದು.

ಫಲಿತಾಂಶ ಎರಡರಲ್ಲಿ ಒಂದು ಇರುತ್ತದೆ. ಏರಿಯಿಂದ ದೂರ ಹೋದ ಹಾಗೆ ಮಲದ ಗುರುತು, ಜೀನ್, ನೈಟ್ರೇಟ್ ಎಲ್ಲ ಇಳಿಯುತ್ತಾ ಹೋದರೆ ಮಣ್ಣು ತನ್ನ ಕೆಲಸ ಮಾಡುತ್ತಿದೆ. ಆಗ ಎಷ್ಟು ದೂರದವರೆಗೆ ಬೋರಿನ ನೀರು ಕುಡಿಯಬಾರದು ಎಂದು ಊರೂರಿಗೆ ಗಡಿ ಎಳೆಯಬಹುದು. ದೂರದ ಬೋರಿನಲ್ಲೂ ಅಷ್ಟೇ ಸಿಕ್ಕರೆ ಬಿರುಕಿನ ದಾರಿ ತೆರೆದಿದೆ ಎಂದರ್ಥ. ಆಗ ಆ ಕೆರೆಗೆ ನೀರು ಬಿಡುವ ಮೊದಲು ಮೂರನೇ ಹಂತವನ್ನು ಕಾಂಕ್ರೀಟಿನಲ್ಲೇ ಕಟ್ಟಬೇಕು, ಮಣ್ಣನ್ನು ನಂಬಿ ಕೂರುವಂತಿಲ್ಲ.

ಎರಡೂ ಸಂದರ್ಭದಲ್ಲಿ ಖರ್ಚಿಲ್ಲದೆ ಇವತ್ತೇ ಶುರು ಮಾಡಬಹುದಾದದ್ದು ಒಂದಿದೆ. 126 ಕೆರೆಗಳಿಗೂ ಸರದಿ ಹಾಕಿ, ಪ್ರತಿ ಬೇಸಿಗೆ ಕೆಲವಕ್ಕೆ ನೀರು ನಿಲ್ಲಿಸಿ ಅಂಗಳ ಒಣಗಿ ಬಿರಿಯಲು ಬಿಡುವುದು. ಒಣಗಿದಾಗ ಅಂಗಳದ ಹಳೆಯ ಬೋರ್‌ವೆಲ್ ಬಾಯಿಗಳು ಕಾಣುತ್ತವೆ, ಮುಚ್ಚಬಹುದು. ಗೋಡು ತೆಗೆಯಬಹುದು. ಹಿಂದಿನಂತೆ ನೇರ ಹೊಲಕ್ಕೆ ಹೊಡೆಯುವ ಮೊದಲು ಅದರಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎಷ್ಟಿದೆ ನೋಡಬೇಕು, ಏಕೆಂದರೆ ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಅದು ಕೂತಲ್ಲೇ ಕೂಡುತ್ತಾ ಹೋಗುತ್ತದೆ. ಯಾವ ಕೆರೆಗೆ ಯಾವ ವರ್ಷ ಬಿಡುವು ಎಂಬ ಪಟ್ಟಿಯನ್ನು ಆಯಾ ಸಾಲಿನ ಕೆರೆಗಳ ಊರಿನವರು ಕೂತು ಮಾಡಬೇಕು. ತುಂಬಿದ ಕೆರೆಯನ್ನು ಒಣಗಲು ಬಿಡಿ ಎಂದರೆ ಮೊದಲ ಸಭೆಯಲ್ಲಿ ಬೈಗುಳ ಖಂಡಿತ. ಆ ಸಭೆಗೆ ಅವರದೇ ಬಾವಿಯ ಕಪ್ಪಾದ ಬಾಟಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು.